ಕಂಬದ ಮ್ಯಾಲ ಬಿಳಿ ಬಟ್ಟಲ

ಕೆಂಪು ಕಲ್ಲ ಕೊರದು ಆಳೆತ್ತರ ಇಳದ್ರ
ಅಲ್ಲಿ ಸಿಗ್ತಿತ್ತು, ಹಸುಗೂಸಿನ ಮೈಯಂಥಾ ತಂಪು.
ಕಮಠಾಣದ ಹಾದಿ ಬಲಕ್ಕ, ಹೆಸರಿಲ್ಲದ ತೆಗ್ಗ.
ನಮ್ಮವ್ವ ಝರೆಮ್ಮ ಮೊಣಕಾಲೂರಿ
ಕುರ್ಪೀಲೆ ಕೆರೀತಿದ್ಲು,
ಕೆಮ್ಮು ಬರಲಾರ್ದಂಗ ಉಸಿರು ಹಿಡದು.
ಮ್ಯಾಲ ಬಂದಾಗ ಹುಬ್ಬು ಸೈತ ಬೆಳ್ಳಗ.
ಆ ಹೊತ್ತಿನ್ಯಾಗ ಅಕೀಗಿ ನೂರು ವರ್ಷ.
ಮಾರಿ ತೊಳದ್ರ ಇಪ್ಪತ್ತಾರು.

ಬುಟ್ಟಿ ಹೊತ್ತು ಚೌಬಾರಾ ಮುಟ್ಟೋದ್ರಾಗ
ಬಿಸಿಲು ನೆತ್ತಿಗಿ.
ಮಾಪಿಗಿ ನಾಕಾಣೆ.
ಚೌಕಾಶಿ ಮಾಡಿದವರಿಗಿ ನಾಕಾಣೆನೇ,
ಜರಾ ಹೆಚ್ಚ ಮಣ್ಣು.

ಒಲಿ ಸಾರಸೋರು ಒಯ್ತಿದ್ರು.
ಸುಣ್ಣಕ್ಕ ರೊಕ್ಕ ಇಲ್ದೋರು ಗ್ವಾಡಿಗಿ ಒಯ್ತಿದ್ರು.
ಉಂಡಿ ಕಟ್ಟಿ ಒಣಗಿಸಿ ಪಾಟಿ ಮ್ಯಾಲ ಬರೀತಿದ್ವಿ ನಾವು,
ಅ ಬರದ್ರ ಅ ಉದುರ್ತಿತ್ತು.
ಮಸ್ತಾನಬೀ ಖಾಲಾ ಬ್ಯಾಸಗಿ ಗುಳ್ಳಿ ಎದ್ದಾಗ
ಮೊಮ್ಮಕ್ಕಳ ಬೆನ್ನಿಗಿ ಬಳದು
ಸಾಲಾಗಿ ಅಂಗಳದಾಗ ನಿಂದರಸ್ತಿದ್ಲು, ಒಣಗ್ಲಾಕ.
ಕಂಪೌಂಡರ್ ನೂರಂದಪ್ಪ ಮಾತ್ರ ನಗತಿದ್ದ:
"ಝರೆಮ್ಮ, ನಿನ್ನ ಮಣ್ಣೇ ನೀರಾಗ ಕಲಸಿ
ಭೇದಿಗಿ ಕುಡಸ್ತೀವಿ ನಾವು.
ಬಾಟಲಿಗಿ ಚೀಟಿ ಅದ, ನಿನ್ನ ಬುಟ್ಟಿಗಿಲ್ಲ, ಅಷ್ಟೇ."

ಮತ್ತ ಕೆಲವು ಬಾಗಿಲಾ ಅರ್ಧ ತೆರೀತಿದ್ವು.
ಒಳಗಿಂದ ಬಳಿ ತೊಟ್ಟ ಒಂದು ಕೈ. ಮಾತಿಲ್ಲ.
ಅವ್ವ ಕೇಳ್ತಿದ್ಲು, "ಎಷ್ಟನೇದು?"
ಮೂರು ಬೆರಳೋ ನಾಕು ಬೆರಳೋ ಏಳ್ತಿದ್ವು.
ತಿಂಗಳ ಲೆಕ್ಕ.
ಹರಳಿಲ್ಲದ ಒಂದು ಹೆಂಟಿ ಆರಿಸಿ
ಸೆರಗಿಲೆ ಒರಸಿ
ಆ ಅಂಗೈಯಾಗ ಇಡ್ತಿದ್ಲು.
ಅದಕ್ಕ ರೊಕ್ಕ ತೊಗೊಂಡಿದ್ದು ನಾ ನೋಡಿಲ್ಲ.
"ನಮ್ಮತ್ತಿಗಿ ಹೇಳಬ್ಯಾಡ" ಅಂತ ಒಳಗಿನಕಿ ಅನ್ನೋದ್ರಾಗ
ಬುಟ್ಟಿ ಮುಂದಿನ ಓಣ್ಯಾಗ.

ನಾ ಹೊಟ್ಯಾಗಿದ್ದಾಗ ತಾನೂ ತಿಂದಾಳ.
ದಿನಾ ಒಂದು ಹೆಂಟಿ, ಮಳಿ ಬಿದ್ದ ದಿನ ಎರಡು.
ಬೆಳ್ಳನ್ನ ಕೂಸು ಹುಡ್ತದ ಅಂತ
ಓಣಿಗಿ ಓಣಿ ಪೈಜು ಕಟ್ಟಿತ್ತು.
ಹುಟ್ಟಿದವ ನಾನು,
ಕಿಲ್ಲೇದ ಮಣ್ಣಿನಾಗ ಕುದಿಸಿ ತಗದ ಬಿದ್ರಿ ಹೂಜಿಗತೆ
ಮಿರಿಮಿರಿ ಕರ್ರಗ.
"ಬೆಳ್ಳಿ ತಂತಿ ಕೂಡ್ಸೋದು ಮರತಾನ ದೇವ್ರು"
ಅಂದಿದ್ಲಂತ ಸೂಲಗಿತ್ತಿ ಬಾಳವ್ವ.
ಈಗೂ ಅವ್ವ ಈ ಮಾತ ಹೇಳ್ತಾಳ, ನಗಲಾರ್ದ.

ನಾನೀಗ ಲೈನ್‌ಮನ್.
ಟ್ರೇನಿಂಗಿನ ದಿನ ಸಾಹೇಬರು
ಒಡದ ಇನ್ಸುಲೇಟರಿನ ಚೂರು ಕೈಗಿ ಕೊಟ್ಟು,
"ಇದು ಪಿಂಗಾಣಿ. ಬಿಳಿ ಜೇಡಿ ಸುಟ್ಟು ಮಾಡ್ತಾರ.
ಹನ್ನೊಂದು ಸಾವಿರ ವೋಲ್ಟು ಬಂದ್ರೂ
ಕರೆಂಟು ಇದನ್ನ ದಾಟಂಗಿಲ್ಲ" ಅಂದ್ರು.
ಎಲ್ಲಾರೂ ಬರಕೊಂಡ್ರು.
ನಾ ಒಡದ ಅಂಚ ಮೂಸಿ ನೋಡಿದೆ.
ವಾಸನಿ ಇರ್ಲಿಲ್ಲ.
ಯಾರೂ ನೋಡಲಾರ್ದಂಗ ನಾಲಿಗಿ ಹಚ್ಚಿದೆ.
ಎಲ್ಲಾ ಬೆಂಕಿ ತಿಂದಿತ್ತು.

ನಿನ್ನಿ ಗಾಳಿ ಮಳ್ಯಾಗ
ಚಿದ್ರಿ ಹಾದ್ಯಾಗಿನ ಕಂಬದ್ದು ಒಂದು ಸಿಡೀತು.
ಲೈನ್ ಬಂದ್ ಮಾಡ್ಸಿ ಏರಿದೆ.
ಮ್ಯಾಲಿಂದ ಕಮಠಾಣದ ಕಡಿ ನೋಡಿದ್ರ ತೆಗ್ಗ ಎಲ್ಲದ?
ಪ್ಲಾಟು, ನಂಬರ್ ಬರದ ಕಲ್ಲು, ಒಂದು ಜೆಸಿಬಿ.
ಹೊಸಾ ಇನ್ಸುಲೇಟರ್
ಬೋರಲ ಹಾಕಿದ ಬಟ್ಟಲದಂಗ ಅಂಗೈಯಾಗ ಕುಂತಿತ್ತು.
ಬೋಲ್ಟು ಬಿಗಿಯೂ ಮೊದಲ
ಅಂಗಿ ತೋಳಿಲೆ ಒರಸಿದೆ.
ಒರಸೋದು ರೂಲಿನ್ಯಾಗ ಅದ. ಎರಡನೇ ಸಲ ಒರಸೋದು ಇಲ್ಲ.
ಕೆಳಗಿಂದ ಹೆಲ್ಪರ್ ಹುಡುಗ ಒದರ್ತಿದ್ದ,
"ಅಣ್ಣಾ, ಯಾನ್ ಮಾಡ್ಲತೀರಿ ಅಲ್ಲಿ?
ಲಗೂ ಇಳೀರಿ, ಚಾರ್ಜ್ ಮಾಡಬೇಕು!"

ಮನಿಗಿ ಬಂದಾಗ ಲೈಟು ಬಂದಿತ್ತು.
ಅವ್ವ ಕಪ್ಪಿನ ಚಾ ಬಸಿಗಿ ಸುರಕೊಂಡು ಊದ್ತಿದ್ಲು.
"ಎಲ್ಲಿ ಹೋಗಿತ್ತು?"
"ಚಿದ್ರಿ ಕಂಬಕ್ಕ."
ಖಾಲಿ ಬಸಿ ಬೆಳಕಿಗಿ ಹಿಡದು, ತಿರುಗಿಸಿ ನೋಡಿ,
ಅಂಚಿಗಿ ನಾಲಿಗಿ ತಾಗಿಸಿದ್ಲು.
"ಚಿದ್ರಿ ಕಡಿ ಮಣ್ಣು ತಿನ್ಲಾಕ ಚಲೋ ಇಲ್ಲ," ಅಂದ್ಲು.
"ಹರಳು ಭಾಳ."