ಬೊನ ಟೈಲರ್ ಹೇಳಿದ ಸಿನೆಮಾ

ಸೀತಾಂಗೋಳಿಯ ಅಂಗಡಿಯಿಂದ
ದಿನಕ್ಕೆ ಹತ್ತು ರೂಪಾಯಿ ಬಾಡಿಗೆಯ ಸೀಡಿ.
ಕವರಿನ ಮೇಲೆ ಕೆಂಪು ಟೊಪ್ಪಿ, ಬಿಳಿ ಗಡ್ಡ,
ಒಳಗೆ ಬೇರೆಯೇ ಸಿನೆಮಾ ಇದ್ದದ್ದೂ ಉಂಟು.

ಬೇಳದ ಇಗರ್ಜಿಯ ಹಿಂದೆ, ಹಾಲ್‌ನಲ್ಲಿ, ಚಾಪೆಯ ಮೇಲೆ ನಾವು:
ಕೊಂಕಣಿಯವರು, ತುಳುವಿನವರು, ಮಲಯಾಳದವರು,
ಮನೆಯಲ್ಲಿ ಮರಾಠಿ ಆಡುವ ಇಬ್ಬರು ಅಣ್ಣತಮ್ಮ.
ಶಾಲೆಯ ಕನ್ನಡವೊಂದೇ ಎಲ್ಲರ ಮೈಗೂ ಸಾಲುವ ಬಟ್ಟೆ.

ಅದನ್ನು ಕತ್ತರಿಸಿ ಹೊಲಿಯುವವನು ಬೊನ ಟೈಲರ್,
ಪೂರ್ತಿ ಹೆಸರು ಬೊನವೆಂಚರ್ ಕ್ರಾಸ್ತಾ.
ಮೂರು ವರ್ಷ ಹಡಗಿನಲ್ಲಿ ಬಟ್ಟೆ ಒಗೆದಿದ್ದನಂತೆ,
ಅದಕ್ಕೇ ಇಂಗ್ಲಿಷ್ ಬರುತ್ತದಂತೆ.
ಕುತ್ತಿಗೆಯಲ್ಲಿ ಅಳತೆ ಟೇಪು, ಕೈಯಲ್ಲಿ ಅರ್ಧ ಕಚ್ಚಿದ ನೆವ್ರಿ,
ಟಿ.ವಿ.ಯ ಪಕ್ಕ ನಿಂತು
ಅವರು ಬಾಯಿ ತೆರೆದಾಗ ಇವನು ಮಾತು ಸುರಿಯುತ್ತಿದ್ದ.

ಹಿಮ ಅಂದರೆ ಎಂತ ಬೊನಣ್ಣ?
‘ಉಪ್ಪು ಮಾರಾಯ್ತಿ. ಆಕಾಶದ ಉಪ್ಪು. ಆದರೆ ಸಪ್ಪೆ.’
ನಾಯಿ ಮಾತಾಡುವ ಸಿನೆಮಾದಲ್ಲಿ
ಮನುಷ್ಯರಿಗೆಲ್ಲ ಕನ್ನಡ,
ನಾಯಿ ಮಾತ್ರ ತುಳುವಿನಲ್ಲಿ ಬೈಯುತ್ತಿತ್ತು.

ಹಿಮದಲ್ಲಿ ಹೂತುಹೋದ ಬಸ್ಸಿನದು ಇನ್ನೊಂದು.
ಮದುವೆಗೆ ಹೊರಟ ಹುಡುಗಿ, ಜೈಲಿನಿಂದ ಬಿಟ್ಟವನು,
ಒಂದೇ ಬ್ರೆಡ್ಡು, ಹನ್ನೊಂದು ಬಾಯಿ.
ಹುಡುಗಿ ಐದು ನಿಮಿಷ ಅಳುತ್ತ ಏನೇನೋ ಹೇಳಿದಳು.
ಬೊನ ಹೇಳಿದ್ದು ಇಷ್ಟೇ:
‘ಬಸ್ಸು ಹಾಳಾದರೆ ಮಾತ್ರ
ಪಕ್ಕದ ಸೀಟಿನವರ ಹೆಸರು ಗೊತ್ತಾಗುವುದು.’
ಬದಿಯಡ್ಕದ ಬಸ್ಸು ಕೆಟ್ಟು ನಿಂತಾಗಲೆಲ್ಲ
ನಾನು ಪಕ್ಕಕ್ಕೆ ತಿರುಗಿದ್ದೇನೆ.
ಒಮ್ಮೆ ಸಿಕ್ಕಿದ್ದು ಜನ್ಮಕ್ಕಾಗುವ ಗೆಳತಿ,
ಒಮ್ಮೆ ಬರೀ ತಲೆನೋವಿನ ಮಾತ್ರೆ.

ಆ ವರ್ಷದ್ದು ಅಪ್ಪನಿಗೆ ಕಾಯುವ ಹುಡುಗನ ಕತೆ.
ಕಿಟಕಿಯ ಬಳಿ ಹಳದಿ ಕುರ್ಚಿ, ದೂರದಲ್ಲಿ ರೈಲಿನ ಹೊಗೆ,
ಅಷ್ಟರಲ್ಲಿ ಕರೆಂಟು ಹೋಯಿತು.
ಕೆ.ಎಸ್.ಇ.ಬಿ.ಯವರಿಗೂ ಹಬ್ಬವಲ್ಲವೇ.
ಗೋದಲಿಯ ಮುಂದಿನ ಮೊಂಬತ್ತಿ ತಂದಿಟ್ಟುಕೊಂಡು
ಬೊನ ಕಪ್ಪು ಟಿ.ವಿ.ಯನ್ನೇ ನೋಡುತ್ತ ಮುಂದುವರಿಸಿದ:

‘ಅಪ್ಪ ಬರಲಿಲ್ಲ.
ರೈಲಿನಿಂದ ಬೇರೆಯವರ ಅಪ್ಪಂದಿರು ಇಳಿದರು.
ಹುಡುಗ ಮನೆಗೆ ಹೋದ, ಒಂದು ತಟ್ಟೆ ಹೆಚ್ಚಿಗೆ ಇಟ್ಟ.
ಬಾಗಿಲು ತಟ್ಟಿದ್ದು ಆಚೆಮನೆಯ ಜಗಳಗಂಟಿ ಮುದುಕಿ.
ಬಾ ಅಂದ. ಉಂಡಳು. ತಟ್ಟೆ ಖಾಲಿ ಕೂರಲಿಲ್ಲ.
ಮುಗಿಯಿತು. ಏಳಿ, ಚಾಪೆ ಮಡಚಿ.’

ಮೂರು ದಿನ ಬಿಟ್ಟು ನಮ್ಮ ಪೆರ್ನಾಳು.
ಶಾರ್ಜಾದಿಂದ ಬರಬೇಕಿದ್ದ ಉಪ್ಪನಿಗೆ ರಜೆ ಸಿಗಲಿಲ್ಲ.
ಉಮ್ಮ ತಟ್ಟೆ ಎಣಿಸಿದಳು, ನಾನು ಒಂದು ಸೇರಿಸಿದೆ.
ಯಾರಿಗೆ ಮಿಸ್ರಿಯಾ?
ಸಿನೆಮಾದಲ್ಲಿ ಹಾಗೇ ಉಂಟು, ಅಂದೆ.
ಕಂಬ ಹತ್ತಿ ಇಳಿದ ಲೈನ್‌ಮನ್ ನೀರು ಕೇಳಲು ಬಂದವನು
ಬಿರಿಯಾಣಿ ಉಂಡು ಹೋದ.
ಉಮ್ಮ ಅಂದು ಮೊದಲ ಸಲ ನಕ್ಕಳು.

ಮೊನ್ನೆ ರಾತ್ರಿ ಫೋನಿನಲ್ಲಿ ಅದೇ ಹಳದಿ ಕುರ್ಚಿ.
ಕೆಳಗೆ ಓಡುವ ಅಕ್ಷರ ಓದುತ್ತ ಕೊನೆಯವರೆಗೂ ನೋಡಿದೆ.
ಅಪ್ಪ ಬರುತ್ತಾನೆ.
ಹಿಮದಲ್ಲಿ ಜಾರುತ್ತ ಓಡಿಬಂದು ಮಗನನ್ನು ಎತ್ತುತ್ತಾನೆ,
ಪಿಟೀಲು, ಗಂಟೆ, ಎಲ್ಲ.
ಇಡೀ ಸಿನೆಮಾದಲ್ಲಿ ಮುದುಕಿಯೇ ಇಲ್ಲ.

ಸೀಡಿಯ ಕೊನೆಯನ್ನು ಬೊನ ಮೊದಲೇ ನೋಡಿದ್ದನೋ,
ಅವನಿಗೆ ಇಂಗ್ಲಿಷೇ ಬರುತ್ತಿರಲಿಲ್ಲವೋ.
ಕೇಳೋಣವೆಂದರೆ ಅವನು ಇಗರ್ಜಿಯ ಪಕ್ಕದ ಮಣ್ಣಿನಲ್ಲಿ.
ಆದರೆ ಟೈಲರನ ಕಣ್ಣು ಮೈ ಮುಟ್ಟದೆ ಅಳತೆ ತೆಗೆಯುತ್ತದೆ:
ಆ ಸಂಜೆ ಚಾಪೆಯ ಮೇಲೆ
ಇಪ್ಪತ್ತಮೂರು ಮಕ್ಕಳು,
ಊರಲ್ಲಿ ಅಪ್ಪ ಇದ್ದವರು ಏಳು.

ಮಗಳು ಎದ್ದು ಬಂದು ಮಡಿಲಿಗೆ ತಲೆಯಿಟ್ಟಳು.
ಅವಳಪ್ಪನ ಹಡಗು ಈಗ ಎಲ್ಲಿದೆಯೋ.
ಈ ಹುಡುಗ ಯಾಕಮ್ಮ ಕಿಟಕಿಯಲ್ಲಿ?
ಅಕ್ಷರಗಳನ್ನು ಆಫ್ ಮಾಡಿದೆ, ದನಿಯನ್ನೂ.
ನೋಡುತ್ತಿರು, ಅಂದೆ,
ಈಗ ಒಬ್ಬಳು ಮುದುಕಿ ಬರುತ್ತಾಳೆ.