ಕಾಪ್ಟೈನ್ ನಕ್ಷತ್ರದಿಂದ ಗುಳೆ

ರಾತ್ರಿ ಪಾಳಿಯ ಅಡುಗೆ ನನ್ನದು.
ಕಿಟಕಿಗೆಲ್ಲ ಕರಿ ಪರದೆ. ಒಲೆಯ ಬೆಳಕೂ
ಹೊರಗೆ ಹನಿಯಬಾರದೆಂದು ಕಟ್ಟಪ್ಪಣೆ.
ಅಟಕಾಮಾದ ಈ ಗುಡ್ಡದ ನೆತ್ತಿಯಲ್ಲಿ
ದೂರದರ್ಶಕಕ್ಕೆ ಕತ್ತಲೆಯೇ ಊಟ,
ಅದನ್ನು ಕಾಯುವವರಿಗೆ ನಾನು ಕರಿದ ಸೊಪೈಪಿಯಾ.

ತಟ್ಟೆ ಹಿಡಿದು ಬಂದವರನ್ನು ಕೇಳುತ್ತೇನೆ:
ಇವತ್ತು ಯಾರ ಮನೆ?
ಟೌ ಸೆಟಿ ಅನ್ನುತ್ತಾರೆ. ಇಲ್ಲ, ರಾಸ್ ನೂರಿಪ್ಪತ್ತೆಂಟು.
ಹೆಸರು ಕೊಟ್ಟರೆ ಸಾಕು,
ಪಾತ್ರೆ ತೊಳೆಯುತ್ತ ಅಲ್ಲೊಂದು ಊರು ಹೂಡುತ್ತೇನೆ.

ಕಾಪ್ಟೈನ್ ನಕ್ಷತ್ರಕ್ಕೆ ಮಾತ್ರ ನಾಲ್ಕು ವರ್ಷ ಹಿಡಿಯಿತು.
ಮುದಿ ಕೆಂಪು ಸೂರ್ಯ. ಎಲ್ಲರೂ ಒಂದು ಕಡೆ ಸುತ್ತಿದರೆ
ತಾನೊಬ್ಬ ಎದುರು ಹೊರಡುವ ಹಟಮಾರಿ.
ಗ್ರಹವೂ ಅಂಥದೇ, ಸೂರ್ಯನಿಗೆ ಒಂದೇ ಕೆನ್ನೆ ಕೊಟ್ಟು ಕೂತದ್ದು.
ಮಧ್ಯಾಹ್ನ ಅಲ್ಲಿ ಹೊತ್ತಲ್ಲ, ಊರು;
ಹನ್ನೊಂದು ಬುತ್ತಿ ಕಟ್ಟಿಕೊಂಡು ಹೋಗಬೇಕು.
ರಾತ್ರಿಯೂ ಊರೇ. ಬೆಮಿ ಅಲ್ಲಿಂದ
ಮಂಜುಗಡ್ಡೆ ಹೊತ್ತು ತಂದು ತೂಕದಲ್ಲಿ ಮೋಸ ಮಾಡುತ್ತಾನೆ.
ನಡುವಿನ ಮುಸ್ಸಂಜೆಯ ಪಟ್ಟಿಯಲ್ಲೇ ಮನೆ, ಒಲೆ, ಜಗಳ.
ಸಾಲ ಕೇಳಲು ಬಂದವನಿಗೆ
‘ನಾಳೆ ಬಾ’ ಅನ್ನುವ ಉಪಾಯ ಅವರಿಗೆ ಗೊತ್ತಿಲ್ಲ.

ಮೊನ್ನೆ ಡಾಕ್ಟರ್ ಅರಾನ್ಸಿಬಿಯಾ
ಸೂಪಿಗೆ ಉಪ್ಪು ಉದುರಿಸುತ್ತ ಅಂದಳು:
ಕಾಪ್ಟೈನ್ ಬಳಿ ಏನೂ ಇಲ್ಲ, ಹೆರ್ಮಿನಿಯಾ.
ಗ್ರಹವೆಂದು ಎಣಿಸಿದ್ದು ನಕ್ಷತ್ರದ ಮೈಮೇಲಿನ ಮಚ್ಚೆ,
ಅದು ತಿರುಗಿದಂತೆ ತಿರುಗಿದ್ದು.
ಪಟ್ಟಿಯಿಂದ ತೆಗೆದಿದ್ದಾರೆ.

ಸೌಟು ಕೈಯಲ್ಲೇ ಉಳಿಯಿತು.
ಮುಸ್ಸಂಜೆಯಲ್ಲಿ ಹೆರಿಗೆ ನಡೆದಿತ್ತು,
ಸೂಲಗಿತ್ತಿ ಓಲ್ತಾ ಬಿಸಿನೀರು ಕೇಳಿದ್ದಳು.

ಊರು ಇಲ್ಲವಾಗುವುದು ನನಗೆ ಹೊಸದಲ್ಲ.
ನನ್ನವ್ವ ಫಿಲೋಮೆನಾ ಹುಟ್ಟಿದ್ದು ಪೆಟ್ಲುಪ್ಪಿನ ಗಣಿಯೂರಲ್ಲಿ.
ಒಂದು ಸೋಮವಾರ ಕಂಪನಿಯ ಸಿಳ್ಳೆ ಕೂಗಲಿಲ್ಲ.
ಬಾಗಿಲು ಕಳಚಿ ಗಾಡಿಗೆ ಹೇರಿದರು, ಗೋಡೆ ಬಿಟ್ಟರು,
ಸತ್ತವರನ್ನು ತಗಡಿನ ಹೂಮಾಲೆಗೆ ಒಪ್ಪಿಸಿ ಬಂದರು.
ಆ ಬಾಗಿಲು ಈಗಲೂ ನಮ್ಮ ಊಟದ ಮೇಜು;
ಹದಿನಾಲ್ಕು ಎಂಬ ನಂಬರಿನ ಮೇಲೆ
ಹಾಲು ಚೆಲ್ಲಿ ಬೈಸಿಕೊಂಡು ಬೆಳೆದವಳು ನಾನು.

ಹಾಗಾಗಿ ಅಂದೇ ರಾತ್ರಿ ಎಲ್ಲರನ್ನೂ ಎಬ್ಬಿಸಿದೆ.
ಎಪ್ಸಿಲಾನ್ ಎರಿಡಾನಿಗೆ ಹೊರಡಿ, ಅಂದೆ.
ಸುತ್ತಲೂ ಧೂಳಿನ ಬಳೆಯಂತೆ ಅದಕ್ಕೆ,
ಇರಲಿ, ಧೂಳು ಯಾರನ್ನು ಕೊಂದಿದೆ,
ಬಾಗಿಲು ಮರೆಯಬೇಡಿ.
ಬೆಮಿ ತಕ್ಕಡಿಯೊಂದನ್ನು ಬಿಟ್ಟು ಬಂದ, ಬೇಕೆಂದೇ.
ಬಸುರಿಯನ್ನು ಹಲಗೆಯ ಮೇಲೆ ಎತ್ತಿ ತಂದರು.
ಎರಡು ಸೂರ್ಯರ ನಡುವೆ,
ಯಾರ ಪಟ್ಟಿಗೂ ಸೇರದ ಕತ್ತಲಲ್ಲಿ ಎಲ್ಲೋ
ಮಗು ಅತ್ತಿತು.

ಹೊಸ ಗ್ರಹ ತಿರುಗುತ್ತದೆ. ಹೇಳಲು ಮರೆತಿದ್ದೆ.
ಒಲೆ ಹೂಡಿ, ಮೊದಲ ರೊಟ್ಟಿ ತಟ್ಟಿ ತಲೆ ಎತ್ತುವಷ್ಟರಲ್ಲಿ
ಸೂರ್ಯ ಜಾರತೊಡಗಿದ.
ಒಬ್ಬರೂ ಅಳಲಿಲ್ಲ.
ಇದನ್ನೂ ತೆಗೆದರು ಅಂದುಕೊಂಡು
ಸುಮ್ಮನೆ ಮತ್ತೆ ಬಾಗಿಲು ಕಳಚತೊಡಗಿದರು.

ಇರಿ, ಅಂದೆ, ರಾತ್ರಿ ಇಲ್ಲಿ ಊರಲ್ಲ, ಹೊತ್ತು.
ತಾನೇ ಬರುತ್ತದೆ, ತಾನೇ ಹೋಗುತ್ತದೆ.
ಯಾವಾಗ? ಅಂದಳು ಓಲ್ತಾ
ಕೂಸಿನ ಕಿವಿ ಮುಚ್ಚಿಕೊಂಡು.

ಎಣ್ಣೆ ಕಾದಿತ್ತು. ಆಚೆ ಯಾರೋ ತಟ್ಟೆ ಬಡಿದರು.
ಅಲ್ಲಿಯ ರಾತ್ರಿ ಎಷ್ಟು ಉದ್ದ ಅಂತ
ನಾನಿನ್ನೂ ಗೊತ್ತು ಮಾಡಿರಲಿಲ್ಲ.