ನಲವತ್ತೊಂದನೇ ಪುಟದ ತಿದ್ದುಪಡಿ

ದೋಣಿ ಇಂಜಿನ್ನಿನ ಕೈಪಿಡಿ, ಪದಕ್ಕೆ ಎಂಬತ್ತು ಪೈಸೆ.
ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ ನಾನು, ತಲೆಯ ಮೇಲೆ ಫ್ಯಾನು.
ಅದು ಅಲ್ಲಿ ಮಾಡುತ್ತಿರುವುದಾದರೂ ಏನು
ಎಂಬುದೇ ಇವತ್ತಿನ ತಕರಾರು.

ಇಂಗ್ಲಿಷಿನವರದು ಪಾಲಾದ ಆಸ್ತಿ:
ತನ್ನ ಅಚ್ಚಿನ ಮೇಲೆ ತಾನೇ ಆದರೆ ರೊಟೇಟು,
ಇನ್ನೊಂದನ್ನು ಬಳಸಿ ಬಂದರೆ ರಿವಾಲ್ವು,
ಜೋರಾದರೆ ಸ್ಪಿನ್ನು, ಮನೆಮಾತಿಗೆ ಟರ್ನು.
ಆದರೂ ನಿಮಿಷದ ಲೆಕ್ಕಕ್ಕೆ ಕೂತಾಗ
ಇದ್ದಲ್ಲೇ ಗರಗರ ಎನ್ನುವ ಶಾಫ್ಟಿಗೂ
ರಿವಲ್ಯೂಷನ್ ಎಂದೇ ಬರೆದು ಆರ್‌ಪಿಎಂ ಮಾಡಿದ್ದಾರೆ.
ಅವರ ಬೇಲಿಗೂ ದನ ನುಗ್ಗಿದ್ದೇ.

ನಾನು ಪಾಠಪುಸ್ತಕದಿಂದ ಇಳಿಸಿಕೊಂಡೆ:
ಆವರ್ತನೆ, ಪರಿಭ್ರಮಣೆ, ಕೋನೀಯ ವೇಗ.
ಇಸ್ತ್ರಿ ಹಾಕಿದ ಪದಗಳು. ಹತ್ತನೇ ಇಯತ್ತೆಯಲ್ಲಿ
ಐದು ಅಂಕಕ್ಕೆ ಬರೆದ ಮೇಲೆ
ಯಾರ ಬಾಯಲ್ಲೂ ಇವನ್ನು ಕೇಳಿದ್ದಿಲ್ಲ.

ಬೈತಖೋಲಿಗೆ ಒಯ್ದೆ. ಪುರ್ಸೊ ಬಾನಾವಳಿ
ಇಂಜಿನ್ನಿನ ಹೊಟ್ಟೆಯೊಳಗೆ ಮೊಣಕೈವರೆಗೂ ಇದ್ದ.
ಓದಿದೆ: ‘ಪ್ರಚಾಲಕವು ಆವರ್ತಿಸುತ್ತಿರುವಾಗ…’
‘ಯಾರು ಸತ್ತದ್ದು?’ ಎಂದ.
ಫಂಕ ತಿರುಗುವಾಗ, ಎಂದೆ.
‘ಹಾಂ. ಹಾಗೆ ಹೇಳು.’
ಗ್ರೀಸು ಬಡಿದ ಬೆರಳಲ್ಲಿ ಗಾಳಿಯೊಳಗೆ ಒಂದು ಬಳೆ ಬರೆದ.
ಅವನ ಮನೆಯ ಕೊಂಕಣಿಯಲ್ಲಿ ಅದು ಭೊಂವ್ತಾ,
ಬುಗುರಿಯೂ ಭೊಂವ್ತಾ,
ಕೆಲಸ ಬಿಟ್ಟು ಕೂತ ಅಳಿಯನೂ ಭೊಂವ್ತಾ.

ನಮ್ಮ ತಿರುಗುವುದೂ ಅದೇ ಕುಲದ್ದು.
ತಲೆ ತಿರುಗುತ್ತದೆ, ಸಂಜೆಗೆ ಗಾಳಿ ತಿರುಗುತ್ತದೆ,
ಸಾಕ್ಷಿ ಹೇಳುತ್ತೇನೆಂದವನು ಕೋರ್ಟಿನ ಮೆಟ್ಟಿಲಲ್ಲೇ ತಿರುಗುತ್ತಾನೆ.
ಎಷ್ಟು ಡಿಗ್ರಿ ಎಂದು ಕೇಳಿನೋಡಿ,
ಆಚೆ ಮುಖ ಮಾಡುತ್ತದೆ.

ಹೀಗಾಗಿ ಒಂದು ರಾಜಿ. ಕೋಷ್ಟಕದಲ್ಲಿ ಆವರ್ತನೆಯೇ ಇರಲಿ;
ಅಲ್ಲಿ ಒಂದು ಪದಕ್ಕೆ ಎರಡು ಮನಸ್ಸಿದ್ದರೆ
ಬೇರಿಂಗು ಸುಡುತ್ತದೆ.
ನಲವತ್ತೊಂದನೇ ಪುಟದ ಹಳದಿ ಚೀಟಿಗೆ ಮಾತ್ರ ಬರೆದೆ:
ತಿರುಗುತ್ತಿದೆ, ಕೈ ಹಾಕಬೇಡಿ.
ಪುರ್ಸೊ ಅಕ್ಷರ ಕೂಡಿಸಿ ಓದಿದ. ‘ತಿರುಗುತ್ತಿದೆ. ಸರಿ. ಎಲ್ಲಿಗೆ?’

ಪುಣೆಯ ಕಂಪನಿಯ ಫೋನು ಬಂದದ್ದು ಆಗಲೇ:
‘ಎಲ್ಲ ಕಡೆ ಒಂದೇ ಪದ ಇರಲಿ ಮೇಡಂ.’
ಆಮೇಲೆ ಮಾಡುತ್ತೇನೆ ಎಂದೆ, ಏಕೆಂದರೆ
ಜೆಟ್ಟಿಯಲ್ಲಿ ಎಲ್ಲರೂ ಎದ್ದು ನಿಂತಿದ್ದರು.
ಕೂರ್ಮಗಡದ ಆಚೆ ಕಡಲು ಸೀಸದ ಬಣ್ಣ.
ಹಾರವಾಡದ ಹೊನ್ನಮ್ಮ ಅಂಬಿಗ
ಖಾಲಿ ಬುಟ್ಟಿಯ ಮೇಲೆ ಮೊಬೈಲು ಇಟ್ಟು, ಸ್ಪೀಕರ್ ಹಾಕಿ,
ಅದನ್ನೇ ನೋಡುತ್ತಿದ್ದಳು.
ಮೊದಲು ಬರೀ ಇಂಜಿನ್ನಿನ ಸದ್ದು. ಬಹಳ ಹೊತ್ತು ಅದೇ.
ಕಡೆಗೆ ನಡುವೆ ಎಲ್ಲೋ ಮಗನ ದನಿ:
‘ತಿರುಗಿದ್ವಿ.’

ಯಾವ ಅಕ್ಷದ ಮೇಲೆ ಎಂದು ಯಾರೂ ಕೇಳಲಿಲ್ಲ.
ಹೊನ್ನಮ್ಮ ಸೆರಗಿನಿಂದ ಮೊಬೈಲು ಒರೆಸಿ ಸೊಂಟಕ್ಕೆ ಸಿಕ್ಕಿಸಿದಳು.
ಹಿಂದೆ ಐಸು ಒಡೆಯುವ ಸದ್ದು ಶುರುವಾಯಿತು.

ಪುಣೆಯವರಿಗೆ ನಾನು ಇನ್ನೂ ಫೋನು ಮಾಡಿಲ್ಲ.